ತೆರೆಗಳ ಲೆಕ್ಕ ಬರೆದ ಮಹನೀಯ: ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್



ಕಾಸರಗೋಡಿನ ಸುತ್ತಮುತ್ತ ಬೆಳೆದ ನಮಗೆ ಕಡಲು ಹೊಸತಲ್ಲ. ಹೊಯಿಗೆಯ ಮೇಲೆ ನಿಂತು ತೆರೆಗಳನ್ನು ಎಣಿಸದ ಮಕ್ಕಳು ನಮ್ಮಲ್ಲಿ ಇರಲಾರರು. ಒಂದು ತೆರೆ ಬರುತ್ತದೆ, ಒಡೆಯುತ್ತದೆ, ಹಿಂದೆ ಸರಿಯುತ್ತದೆ. ಅಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಇದನ್ನು ನೋಡಿ ನಾವು ಸಂತೋಷಪಡುತ್ತೇವೆ, ಮನೆಗೆ ಹಿಂತಿರುಗುತ್ತೇವೆ. ಆದರೆ ಇದೇ ತೆರೆಯನ್ನು ನೋಡಿ, ಇದು ಎಷ್ಟು ವೇಗದಲ್ಲಿ ಹೋಗುತ್ತದೆ, ಏಕೆ ಹೋಗುತ್ತದೆ, ಎಲ್ಲಿ ಸಾಯುತ್ತದೆ, ನೀರಿನ ಮೇಲೆ ಇನ್ನೊಂದು ಪದರ ತೇಲುತ್ತಿದ್ದರೆ ಏನಾಗುತ್ತದೆ ಎಂದು ಕೇಳಿಕೊಂಡು, ಉತ್ತರವನ್ನು ಲೆಕ್ಕದಲ್ಲಿ ಬರೆದಿಟ್ಟ ಮಹನೀಯರೊಬ್ಬರಿದ್ದರು. ಅವರೇ ಸರ್ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್. ಕಾಲೇಜಿಗೆ ಹೋದ ಮೇಲೆ ಭೌತಶಾಸ್ತ್ರದ ಪುಸ್ತಕದಲ್ಲಿ ಇವರ ಹೆಸರಿನ ನಿಯಮವನ್ನು ನೀವು ಓದಲಿರುವಿರಿ. ಆ ಹೆಸರಿನ ಹಿಂದಿದ್ದ ಮನುಷ್ಯನ ಪರಿಚಯ ಈಗಲೇ ಆಗಲಿ ಎಂದು ಈ ಲೇಖನ.

ಸ್ಟೋಕ್ಸರು 1819ರ ಆಗಸ್ಟ್ 13ರಂದು ಐರ್ಲೆಂಡಿನ ಸ್ಲೈಗೋ ಜಿಲ್ಲೆಯ ಸ್ಕ್ರೀನ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಗೇಬ್ರಿಯಲ್ ಸ್ಟೋಕ್ಸ್ ಆ ಊರಿನ ಇಗರ್ಜಿಯ ಪಾದ್ರಿ. ತಾಯಿ ಎಲಿಜಬೆತ್. ಮನೆಯ ಮಕ್ಕಳಲ್ಲಿ ಇವರೇ ಕಿರಿಯರು. ಮನೆಯಲ್ಲಿ ಸಿರಿವಂತಿಕೆ ಇರಲಿಲ್ಲ. ಓದು, ಪ್ರಾರ್ಥನೆ, ಶಿಸ್ತು ಇದ್ದವು. ತಂದೆಯೇ ಮಗನಿಗೆ ಲ್ಯಾಟಿನ್ ವ್ಯಾಕರಣ ಕಲಿಸಿದರು. ಲೆಕ್ಕ ಕಲಿಸಿದವನು ಇಗರ್ಜಿಯ ಗುಮಾಸ್ತ. ಪುಸ್ತಕದಲ್ಲಿ ಹೇಳಿದ ಕ್ರಮಕ್ಕಿಂತ ಸುಲಭವಾದ ಕ್ರಮಗಳನ್ನು ಈ ಹುಡುಗ ತಾನಾಗಿ ಕಂಡುಹಿಡಿಯುತ್ತಾನೆಂದು ಆ ಗುಮಾಸ್ತ ಊರೆಲ್ಲ ಹೇಳಿಕೊಂಡು ಹಿಗ್ಗುತ್ತಿದ್ದನಂತೆ.

ಸ್ಲೈಗೋ ಅಟ್ಲಾಂಟಿಕ್ ಮಹಾಸಾಗರದ ತೀರದಲ್ಲಿದೆ. ಸಾವಿರಾರು ಮೈಲಿ ತಡೆಯಿಲ್ಲದೆ ಬರುವ ದೊಡ್ಡ ಅಲೆಗಳು ಅಲ್ಲಿ ದಡಕ್ಕೆ ಅಪ್ಪಳಿಸುತ್ತವೆ. ಬಾಲಕ ಜಾರ್ಜ್ ಒಮ್ಮೆ ಅಲ್ಲಿ ಮೀಯುತ್ತಿದ್ದಾಗ ದೊಡ್ಡ ತೆರೆಯೊಂದು ಅವನನ್ನು ಎಳೆದೊಯ್ಯುವುದರಲ್ಲಿತ್ತು, ಅಂದಿನಿಂದಲೇ ಅವನ ಮನಸ್ಸು ತೆರೆಗಳ ಕಡೆಗೆ ಹೊರಳಿತು ಎಂದು ಹೇಳುತ್ತಾರೆ. ಪ್ರಾಣಕ್ಕೆ ಕುತ್ತು ತಂದದ್ದನ್ನು ಕಂಡು ಹೆದರಿ ದೂರ ಸರಿಯುವವರು ಹಲವರು. ಅದನ್ನೇ ಹತ್ತಿರದಿಂದ ತಿಳಿಯಬೇಕೆಂದು ಹೊರಡುವವರು ಕೆಲವರು. ಸ್ಟೋಕ್ಸರು ಈ ಎರಡನೆಯ ಗುಂಪಿಗೆ ಸೇರಿದವರು.

ಹದಿಮೂರನೆಯ ವಯಸ್ಸಿನಲ್ಲಿ ಹುಡುಗನನ್ನು ಡಬ್ಲಿನ್ ನಗರದ ಶಾಲೆಗೆ ಕಳುಹಿಸಿದರು. ಚಿಕ್ಕಪ್ಪನ ಮನೆಯಲ್ಲಿ ವಾಸ. 1834ರಲ್ಲಿ ತಂದೆ ತೀರಿಕೊಂಡರು. ಆದರೂ ಓದು ನಿಲ್ಲಲಿಲ್ಲ. 1835ರಲ್ಲಿ ಸಮುದ್ರ ದಾಟಿ ಇಂಗ್ಲೆಂಡಿನ ಬ್ರಿಸ್ಟಲ್ ಕಾಲೇಜಿಗೆ, 1837ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಪೆಂಬ್ರೋಕ್ ಕಾಲೇಜಿಗೆ ಸೇರಿದರು. ಹಳ್ಳಿಯ ಐರಿಷ್ ಹುಡುಗ ಉದ್ದುದ್ದ ಉತ್ತರ ಕೊಟ್ಟರೆ ಇಂಗ್ಲೆಂಡಿನ ಹುಡುಗರು ನಗುತ್ತಾರೆ ಎಂದು ಅಣ್ಣಂದಿರು ಛೇಡಿಸಿದ್ದರಂತೆ. ಅದನ್ನು ಮನಸ್ಸಿಗೆ ಹಚ್ಚಿಕೊಂಡ ಸ್ಟೋಕ್ಸರು ಜೀವಮಾನವಿಡೀ ಹೌದು, ಅಲ್ಲ ಎಂಬ ಎರಡೇ ಮಾತಿನಲ್ಲಿ ಉತ್ತರ ಮುಗಿಸುವವರಾದರು. ಬೇರೆ ನಾಡಿಗೆ, ಬೇರೆ ಮಾತಿನ ರೀತಿಗೆ ಹೋಗಿ ಓದಬೇಕಾದ ಮಕ್ಕಳ ಸಂಕೋಚ ಎಂಥದೆಂದು ಗಡಿನಾಡಿನ ನಮಗೆ ಹೇಳಿಕೊಡಬೇಕಾಗಿಲ್ಲ. ಆದರೆ ಮಾತಿನಲ್ಲಿ ಹಿಂದೆ ಉಳಿದವರು ಪರೀಕ್ಷೆಯಲ್ಲಿ ಹಿಂದೆ ಉಳಿಯಲಿಲ್ಲ. 1841ರಲ್ಲಿ ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಇಡೀ ವಿಶ್ವವಿದ್ಯಾಲಯಕ್ಕೆ ಪ್ರಥಮರಾಗಿ ತೇರ್ಗಡೆಯಾದರು. ಪೆಂಬ್ರೋಕ್ ಕಾಲೇಜು ಅವರನ್ನು ತನ್ನ ಫೆಲೋ ಆಗಿ ಆರಿಸಿಕೊಂಡಿತು.

ಈಗ ಅವರ ಮುಂದೆ ಒಂದು ದೊಡ್ಡ ಪ್ರಶ್ನೆ ಇತ್ತು. ಹರಿಯುವ ನೀರಿನ ಬಗ್ಗೆ ಅಂದಿನ ಗಣಿತಜ್ಞರು ಬರೆದ ಸಮೀಕರಣಗಳು ನೋಡಲು ಚೆಂದವಾಗಿದ್ದವು, ಆದರೆ ಅವುಗಳಲ್ಲಿನ ನೀರಿಗೆ ಸ್ವಲ್ಪವೂ ಒಳಘರ್ಷಣೆ ಇರಲಿಲ್ಲ. ನಿಜವಾದ ದ್ರವ ಹಾಗಿಲ್ಲವಲ್ಲ! ಜೇನನ್ನು ಸುರಿದರೆ ಮೆಲ್ಲಗೆ ಇಳಿಯುತ್ತದೆ, ನೀರು ಬೇಗ ಇಳಿಯುತ್ತದೆ. ಒಂದು ಪದರ ಇನ್ನೊಂದು ಪದರದ ಮೇಲೆ ಜಾರುವಾಗ ತಡೆಯುವ ಈ ಗುಣಕ್ಕೆ ಸ್ನಿಗ್ಧತೆ ಎಂದು ಹೆಸರು. 1845ರಲ್ಲಿ ಸ್ಟೋಕ್ಸರು ಸ್ನಿಗ್ಧತೆಯನ್ನು ಸೇರಿಸಿಕೊಂಡು ದ್ರವಗಳ ಚಲನೆಯ ಸಮೀಕರಣಗಳನ್ನು ಮಂಡಿಸಿದರು. ಲೆಕ್ಕ ಮುಗಿದ ಮೇಲೆ ನೋಡಿದರೆ, ಫ್ರಾನ್ಸಿನ ನೇವಿಯರ್ ಮೊದಲಾದವರು ಇದೇ ಸಮೀಕರಣಗಳನ್ನು ಬೇರೆ ದಾರಿಯಿಂದ ಮೊದಲೇ ತಲುಪಿದ್ದರು. ಬೇರೆಯವರಾಗಿದ್ದರೆ ಎದೆಗುಂದುತ್ತಿದ್ದರು, ಇಲ್ಲವೇ ಸುಮ್ಮನೆ ಮುಚ್ಚಿಡುತ್ತಿದ್ದರು. ಸ್ಟೋಕ್ಸರು ಹಿಂದಿನವರ ಹೆಸರನ್ನು ಸ್ಪಷ್ಟವಾಗಿ ಹೇಳಿ, ತಮ್ಮ ದಾರಿ ಬೇರೆಯಾದ್ದರಿಂದ ಪ್ರಕಟಿಸುವುದು ಯೋಗ್ಯವೆಂದು ತಿಳಿದು ಪ್ರಕಟಿಸಿದರು. ಇಂದು ಆ ಸಮೀಕರಣಗಳನ್ನು ಜಗತ್ತು ನೇವಿಯರ್-ಸ್ಟೋಕ್ಸ್ ಸಮೀಕರಣಗಳೆಂದು ಕರೆಯುತ್ತದೆ. ಇವುಗಳಿಗೆ ಎಲ್ಲ ಸಂದರ್ಭಗಳಲ್ಲೂ ಸರಿಯಾದ ಪರಿಹಾರ ಇದ್ದೇ ಇದೆಯೇ ಎಂಬುದನ್ನು ಸಾಧಿಸಿ ತೋರಿಸುವವರಿಗೆ 10 ಲಕ್ಷ ಡಾಲರ್ ಬಹುಮಾನ ಕೊಡುವುದಾಗಿ ಅಮೆರಿಕದ ಕ್ಲೇ ಗಣಿತ ಸಂಸ್ಥೆ 2000ದಲ್ಲಿ ಸಾರಿತು. ಆ ಬಹುಮಾನ ಇನ್ನೂ ಯಾರ ಕೈಗೂ ಸೇರಿಲ್ಲ. ನಮ್ಮ ಶಾಲೆಯ ಮಕ್ಕಳೂ ಪ್ರಯತ್ನಿಸಬಹುದು!

1847ರಲ್ಲಿ ಅವರು ತಮ್ಮ ಬಾಲ್ಯದ ಗೆಳೆಯರಾದ ತೆರೆಗಳ ಕಡೆಗೆ ತಿರುಗಿದರು. ಆ ವರ್ಷದ ಅವರ ಪ್ರಬಂಧ ಜಲತರಂಗಗಳ ಶಾಸ್ತ್ರಕ್ಕೆ ಅಡಿಗಲ್ಲಾಯಿತು. ಇಲ್ಲಿ ಗಣಿತದ ಮಾದರಿ ಎಂದರೇನು ಎಂಬುದನ್ನು ಸ್ವಲ್ಪ ಹೇಳಬೇಕು. ಕಡಲಿನಲ್ಲಿ ಗಾಳಿಯಿದೆ, ನೊರೆಯಿದೆ, ಮೀನಿದೆ, ಮರಳಿದೆ. ಇವೆಲ್ಲವನ್ನೂ ಒಟ್ಟಿಗೆ ಲೆಕ್ಕಕ್ಕೆ ತರಲಾಗುವುದಿಲ್ಲ. ಮುಖ್ಯವಾದುದನ್ನು ಮಾತ್ರ ಉಳಿಸಿಕೊಂಡು, ಉಳಿದದ್ದನ್ನು ಸದ್ಯಕ್ಕೆ ಬದಿಗಿಟ್ಟು, ಸಮೀಕರಣ ಬರೆದು, ಬಿಡಿಸಿ, ಬಂದ ಉತ್ತರವನ್ನು ಪ್ರಕೃತಿಯ ಎದುರು ಹಿಡಿದು ನೋಡಬೇಕು. ತಾಳೆಯಾದರೆ ಮಾದರಿ ಸರಿ. ಆಗದಿದ್ದರೆ ಬದಿಗಿಟ್ಟದ್ದರಲ್ಲಿ ಯಾವುದೋ ಒಂದು ಮುಖ್ಯವಾಗಿತ್ತು ಎಂದು ಅರ್ಥ.

ಸ್ಟೋಕ್ಸರ ಲೆಕ್ಕ ಹಲವು ಸಂಗತಿಗಳನ್ನು ತೋರಿಸಿಕೊಟ್ಟಿತು. ಎತ್ತರದ ತೆರೆಯ ನೆತ್ತಿ ಚೂಪಾಗಿಯೂ ತಗ್ಗು ಅಗಲವಾಗಿಯೂ ಇರುತ್ತದೆ. ತೆರೆಯ ಎತ್ತರ ಹೆಚ್ಚಿದಂತೆ ಅದರ ವೇಗವೂ ಸ್ವಲ್ಪ ಹೆಚ್ಚುತ್ತದೆ. ತೆರೆ ಮುಂದೆ ಹೋದರೂ ನೀರಿನ ಕಣ ಇದ್ದಲ್ಲೇ ಸುತ್ತುತ್ತದೆಯೆಂದು ನಾವು ಓದುತ್ತೇವಲ್ಲವೇ? ಅದು ಪೂರ್ತಿ ನಿಜವಲ್ಲ. ಒಂದು ಸುತ್ತು ಮುಗಿದಾಗ ಕಣವು ಹೊರಟ ಜಾಗಕ್ಕಿಂತ ಒಂದಿಷ್ಟು ಮುಂದೆ ಇರುತ್ತದೆ. ಈ ಮೆಲ್ಲನೆಯ ಸರಿತಕ್ಕೆ ಇಂದಿಗೂ ಸ್ಟೋಕ್ಸ್ ಸರಿತ ಎಂದೇ ಹೆಸರು. ತೆರೆಗಳ ಮೇಲೆ ತೇಲುವ ತೆಂಗಿನಕಾಯಿ ಗಾಳಿಯಿಲ್ಲದ ದಿನವೂ ನಿಧಾನವಾಗಿ ಮುಂದೆ ಸಾಗುವುದಕ್ಕೆ ಇದೂ ಒಂದು ಕಾರಣ.

ಅದೇ ಪ್ರಬಂಧದಲ್ಲಿ ಅವರು ಇನ್ನೊಂದು ಲೆಕ್ಕವನ್ನೂ ಮಾಡಿದರು. ಒಂದು ದ್ರವದ ಮೇಲೆ ಅದಕ್ಕಿಂತ ಹಗುರವಾದ ಇನ್ನೊಂದು ದ್ರವ ಪದರವಾಗಿ ತೇಲುತ್ತಿದೆ ಎಂದುಕೊಳ್ಳಿ. ಆ ಎರಡೂ ಸೇರುವ ಗಡಿಯಲ್ಲಿ ಅಲೆ ಏಳಬಹುದೇ? ಎದ್ದರೆ ಅದರ ವೇಗವೆಷ್ಟು? ನೀವು ಮನೆಯಲ್ಲಿಯೇ ನೋಡಬಹುದು. ಒಂದು ಬಿಳಿ ಗಾಜಿನ ಬಾಟಲಿಯಲ್ಲಿ ಅರ್ಧ ನೀರು, ಅದರ ಮೇಲೆ ಕಾಲು ಭಾಗ ತೆಂಗಿನೆಣ್ಣೆ ಹಾಕಿ ಮುಚ್ಚಳ ಬಿಗಿದು, ಅಡ್ಡ ಹಿಡಿದು ಮೆಲ್ಲಗೆ ತೂಗಿರಿ. ಮೇಲಿನ ಎಣ್ಣೆ ಬಹುಮಟ್ಟಿಗೆ ಶಾಂತವಾಗಿರುತ್ತದೆ. ಕೆಳಗೆ ನೀರು ಮತ್ತು ಎಣ್ಣೆಯ ಗಡಿಯಲ್ಲಿ ದೊಡ್ಡ ಅಲೆಗಳು ಸೋಮಾರಿಯಂತೆ ಏಳುತ್ತವೆ, ಇಳಿಯುತ್ತವೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1762ರಲ್ಲಿ ಹಡಗಿನ ಪ್ರಯಾಣದಲ್ಲಿ ತೂಗಾಡುವ ದೀಪದ ಗಾಜಿನೊಳಗೆ ಇದನ್ನೇ ಕಂಡು ಬೆರಗಾಗಿದ್ದರು. ಫ್ರಾಂಕ್ಲಿನ್ ಕಂಡರು, ಸ್ಟೋಕ್ಸರು ಲೆಕ್ಕ ಕೊಟ್ಟರು. ಗಡಿಯ ಅಲೆಯನ್ನು ಕೆಳಗೆಳೆಯುವ ಬಲ ಎರಡು ದ್ರವಗಳ ಸಾಂದ್ರತೆಯ ವ್ಯತ್ಯಾಸಕ್ಕೆ ತಕ್ಕಂತೆ ಇರುತ್ತದೆ. ವ್ಯತ್ಯಾಸ ಕಡಿಮೆಯಾದಷ್ಟೂ ಅಲೆ ನಿಧಾನ. ಇದು ಮುಂದೆ ಎಲ್ಲಿ ಉಪಯೋಗಕ್ಕೆ ಬಂತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

1849ರಲ್ಲಿ, ಕೇವಲ ಮೂವತ್ತನೆಯ ವಯಸ್ಸಿನಲ್ಲಿ, ಸ್ಟೋಕ್ಸರು ಕೇಂಬ್ರಿಜ್‌ನ ಲುಕೇಸಿಯನ್ ಪ್ರಾಧ್ಯಾಪಕರಾದರು. ಹಿಂದೊಮ್ಮೆ ನ್ಯೂಟನ್ ಕುಳಿತಿದ್ದ ಪೀಠವದು. ಗೌರವ ದೊಡ್ಡದು, ಸಂಬಳ ಮಾತ್ರ ಚಿಕ್ಕದು: ವರ್ಷಕ್ಕೆ ಸುಮಾರು 155 ಪೌಂಡು. ಹೊಟ್ಟೆಪಾಡಿಗಾಗಿ ಲಂಡನ್ನಿನ ಗಣಿ ಶಾಲೆಯಲ್ಲಿಯೂ ಪಾಠ ಹೇಳಬೇಕಾಯಿತು. ಆದರೂ ಅವರ ಕೆಲಸ ನಿಲ್ಲಲಿಲ್ಲ. 1847ರಲ್ಲಿ ಚೆಸ್ಟರ್ ಬಳಿ ರೈಲು ಸೇತುವೆ ಮುರಿದು ಐವರು ಸತ್ತಿದ್ದರು. ಓಡುವ ರೈಲಿನ ಭಾರಕ್ಕೆ ಸೇತುವೆ ಹೇಗೆ ಬಾಗುತ್ತದೆ ಎಂಬ ಸಮೀಕರಣವನ್ನು 1849ರಲ್ಲಿ ಬಿಡಿಸಲು ಕುಳಿತವರೂ ಇವರೇ. 1852ರಲ್ಲಿ, ಕ್ವಿನೈನ್ ದ್ರಾವಣ ಬಿಸಿಲಿನಲ್ಲಿ ನೀಲಿಯಾಗಿ ಹೊಳೆಯುವುದೇಕೆ ಎಂಬುದನ್ನು ವಿವರಿಸಿದರು. ಕಣ್ಣಿಗೆ ಕಾಣದ ಕಿರಣವನ್ನು ನುಂಗಿ ಕಾಣುವ ಬೆಳಕನ್ನು ಹೊರಬಿಡುವ ಈ ಪ್ರತಿದೀಪ್ತಿಗೆ ಇಂಗ್ಲಿಷಿನ ಹೆಸರಿಟ್ಟವರೂ ಅವರೇ.

1851ರಲ್ಲಿ ಬಂದ ಪ್ರಬಂಧ ಲೋಲಕಗಳ ಬಗ್ಗೆ. ಗಾಳಿಯ ಘರ್ಷಣೆಯಿಂದ ಲೋಲಕದ ತೂಗಾಟ ಹೇಗೆ ಕುಗ್ಗುತ್ತದೆ ಎಂಬುದು ವಿಷಯ. ಆದರೆ ಅದರೊಳಗೆ ಎರಡು ರತ್ನಗಳಿದ್ದವು. ಮೊದಲನೆಯದು, ದ್ರವದಲ್ಲಾಗಲಿ ಗಾಳಿಯಲ್ಲಾಗಲಿ ಮೆಲ್ಲಗೆ ಬೀಳುವ ಪುಟ್ಟ ಗೋಲದ ಮೇಲಿನ ತಡೆಯ ನಿಯಮ. ಮೋಡದ ಹನಿಗಳು ಅಷ್ಟು ಭಾರದ ನೀರೇ ಆಗಿದ್ದರೂ ಥಟ್ಟನೆ ನೆಲಕ್ಕೆ ಬೀಳದಿರುವುದಕ್ಕೆ ಈ ನಿಯಮ ಕಾರಣ ತಿಳಿಸುತ್ತದೆ. ಮುಂದೆ ಅಮೆರಿಕದ ಮಿಲಿಕನ್ ಎಲೆಕ್ಟ್ರಾನಿನ ವಿದ್ಯುದಂಶವನ್ನು ಎಣ್ಣೆಯ ಹನಿಗಳಿಂದ ಅಳೆದಾಗ ಬಳಸಿದ್ದು ಇದೇ ನಿಯಮವನ್ನು. ಎರಡನೆಯ ರತ್ನ ತೆರೆಗಳಿಗೆ ಸಂಬಂಧಿಸಿದ್ದು. ನೀರಿನ ಒಳಘರ್ಷಣೆಯಿಂದ ತೆರೆ ಎಷ್ಟು ಹೊತ್ತಿಗೆ ಕುಗ್ಗುತ್ತದೆ? ಅವರ ಸೂತ್ರದಿಂದ ಇಂದಿನ ಅಳತೆಗಳಲ್ಲಿ ಲೆಕ್ಕ ಹಾಕಿದರೆ, 5 ಸೆಂಟಿಮೀಟರ್ ಉದ್ದದ ಕಿರುದೆರೆ ಸುಮಾರು ಅರ್ಧ ನಿಮಿಷದಲ್ಲಿ ಮೂರನೆಯ ಒಂದು ಪಾಲಿನಷ್ಟಕ್ಕೆ ಇಳಿಯುತ್ತದೆ. 100 ಮೀಟರ್ ಉದ್ದದ ಸಾಗರದ ತೆರೆ ಒಳಘರ್ಷಣೆಯೊಂದರಿಂದಲೇ ಅಷ್ಟು ಕುಗ್ಗಬೇಕಾದರೆ ಸುಮಾರು ನಾಲ್ಕು ವರ್ಷ ಬೇಕು! ಎಲ್ಲೋ ದೂರದ ಬಿರುಗಾಳಿಯ ತೆರೆಗಳು ಗಾಳಿಯೇ ಇಲ್ಲದ ನಮ್ಮ ದಡಕ್ಕೂ ಬಂದು ಮುಟ್ಟುವ ಗುಟ್ಟು ಇದು.

ಇಷ್ಟೆಲ್ಲ ಲೆಕ್ಕ ಮಾಡಿದವರಿಗೆ ಸಂಸಾರದ ಲೆಕ್ಕ ಸುಲಭವಾಗಲಿಲ್ಲ. 1857ರಲ್ಲಿ ಆರ್ಮಾ ವೀಕ್ಷಣಾಲಯದ ಖಗೋಳಜ್ಞ ರಾಬಿನ್ಸನ್ನರ ಮಗಳು ಮೇರಿಯೊಡನೆ ವಿವಾಹ ನಿಶ್ಚಯವಾಯಿತು. ಮಾತು ಬಾರದ ಸ್ಟೋಕ್ಸರು ಕಾಗದದಲ್ಲಿ ಮನಸ್ಸು ಬಿಚ್ಚಿದರು. ಒಂದು ಕಾಗದವಂತೂ 55 ಪುಟಗಳಷ್ಟು ಉದ್ದವಾಗಿತ್ತು. ತಾನು ಲೆಕ್ಕದಲ್ಲೇ ಮುಳುಗಿ ಪ್ರೀತಿಯನ್ನು ತೋರಲಾರದ ಒಣ ಮನುಷ್ಯನಾಗಿಬಿಟ್ಟಿದ್ದೇನೋ ಎಂಬ ಶಂಕೆಯನ್ನು ಅವರು ಮುಚ್ಚಿಡಲಿಲ್ಲ. ಅದನ್ನು ಓದಿ ಮೇರಿ ಮದುವೆಯನ್ನೇ ನಿಲ್ಲಿಸುವುದರಲ್ಲಿದ್ದರು. ಕೊನೆಗೆ ಮದುವೆ ನಡೆಯಿತು. ಮದುವೆಯಾದವರು ಫೆಲೋ ಆಗಿರುವಂತಿಲ್ಲ ಎಂಬ ಅಂದಿನ ಕಟ್ಟಳೆಯಂತೆ ಸ್ಟೋಕ್ಸರು ಕಾಲೇಜಿನ ಆ ಸ್ಥಾನವನ್ನು ಬಿಟ್ಟುಕೊಟ್ಟರು. ನಿಯಮ ಬದಲಾಗಿ ಅದು ಮರಳಿ ಸಿಕ್ಕಿದ್ದು ಹನ್ನೆರಡು ವರ್ಷಗಳ ನಂತರ. ಅವರಿಗೆ ಐವರು ಮಕ್ಕಳಾದರು. ಇಬ್ಬರು ಹೆಣ್ಣುಮಕ್ಕಳು ಕೂಸುಗಳಾಗಿದ್ದಾಗಲೇ ತೀರಿಕೊಂಡರು. ವೈದ್ಯನಾಗಿದ್ದ ಮಗನೊಬ್ಬ 1893ರಲ್ಲಿ ಯೌವನದಲ್ಲಿಯೇ ತೀರಿಕೊಂಡ. ಇಂಥ ದುಃಖಗಳನ್ನು ಅವರು ಮೌನವಾಗಿಯೇ ನುಂಗಿಕೊಂಡರು.

1854ರಿಂದ 1885ರವರೆಗೆ, ಒಟ್ಟು 31 ವರ್ಷ, ಸ್ಟೋಕ್ಸರು ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದರು. ದೇಶವಿದೇಶಗಳಿಂದ ಬರುವ ವಿಜ್ಞಾನ ಪ್ರಬಂಧಗಳನ್ನು ಓದಿ, ತಪ್ಪು ತಿದ್ದಿ, ಬರೆದವರಿಗೆ ದಾರಿ ತೋರಿಸುವ ಕೆಲಸ. ಹೆಸರಿಲ್ಲದ ಕಿರಿಯನ ಪ್ರಬಂಧಕ್ಕೂ ಅವರು ಗಂಟೆಗಟ್ಟಲೆ ಸಮಯ ಕೊಡುತ್ತಿದ್ದರು. ಇದರಿಂದ ಅವರ ಸ್ವಂತ ಸಂಶೋಧನೆ ಬಡವಾಯಿತು ಎಂದು ಸ್ನೇಹಿತರು ಮರುಗುತ್ತಿದ್ದರು. ಆ ಮರುಕ ಸುಳ್ಳಲ್ಲ. ಅವರ ದೊಡ್ಡ ಗಣಿತ ಪ್ರಬಂಧಗಳಲ್ಲಿ ಹೆಚ್ಚಿನವು ಮೊದಲ ಹತ್ತು ಹದಿನೈದು ವರ್ಷಗಳಲ್ಲಿಯೇ ಬಂದವು. ಆದರೆ ಎಷ್ಟು ಜನರ ಶೋಧಗಳಲ್ಲಿ ಅವರ ಬೆವರು ಸೇರಿದೆಯೋ ಲೆಕ್ಕವಿಟ್ಟವರಿಲ್ಲ. ಕೀರ್ತಿಯ ವಿಷಯದಲ್ಲಿಯೂ ಅವರು ಹಾಗೆಯೇ. ಸೂರ್ಯನ ಬೆಳಕಿನಲ್ಲಿ ಕಾಣುವ ಕಪ್ಪು ಗೆರೆಗಳ ರಹಸ್ಯವನ್ನು ಕಿರ್ಚಾಫ್ ಪ್ರಕಟಿಸಿದಾಗ, ಇದನ್ನು ಸ್ಟೋಕ್ಸರು ತನಗೆ ವರ್ಷಗಳ ಹಿಂದೆಯೇ ಹೇಳಿದ್ದರೆಂದು ಮಿತ್ರ ಕೆಲ್ವಿನ್ ಸಾರಿದರು. ಸ್ಟೋಕ್ಸರೋ, ತಾನು ಅಷ್ಟು ದೂರ ಯೋಚಿಸಿರಲಿಲ್ಲವೆಂದು ಹೇಳಿ ಆ ಕೀರ್ತಿಯನ್ನು ಒಪ್ಪಿಕೊಳ್ಳಲಿಲ್ಲ. ಇಂದು ಸ್ಟೋಕ್ಸ್ ಪ್ರಮೇಯ ಎಂದು ಕರೆಯುವ ಪ್ರಮೇಯ ಕೂಡ 1850ರಲ್ಲಿ ಕೆಲ್ವಿನ್ನರು ಬರೆದ ಕಾಗದದಲ್ಲಿತ್ತು. ಸ್ಟೋಕ್ಸರು ಅದನ್ನು 1854ರ ಪರೀಕ್ಷೆಯ ಪ್ರಶ್ನೆಯಾಗಿ ಕೊಟ್ಟರು. ಆ ಪರೀಕ್ಷೆಗೆ ಕುಳಿತವರಲ್ಲಿ ಮ್ಯಾಕ್ಸ್‌ವೆಲ್ ಒಬ್ಬರು!

ನಂತರ ಗೌರವಗಳು ತಾವಾಗಿ ಬಂದವು. 1885ರಿಂದ 1890ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷರು. 1887ರಿಂದ 1892ರವರೆಗೆ ವಿಶ್ವವಿದ್ಯಾಲಯದ ಪರವಾಗಿ ಪಾರ್ಲಿಮೆಂಟಿನ ಸದಸ್ಯರು. 1889ರಲ್ಲಿ ಬ್ಯಾರೊನೆಟ್ ಪದವಿ, 1893ರಲ್ಲಿ ಕಾಪ್ಲಿ ಪದಕ. 1899ರಲ್ಲಿ ಅವರ ಪ್ರಾಧ್ಯಾಪಕ ವೃತ್ತಿಗೆ ಐವತ್ತು ತುಂಬಿದಾಗ ಕೇಂಬ್ರಿಜ್ ಹಬ್ಬವನ್ನೇ ಆಚರಿಸಿತು. ಅದೇ ವರ್ಷದ ಕೊನೆಗೆ ಪತ್ನಿ ಮೇರಿ ತೀರಿಕೊಂಡರು. 1903ರ ಫೆಬ್ರವರಿ 1ರಂದು ತಮ್ಮ 83ನೆಯ ವಯಸ್ಸಿನಲ್ಲಿ ಸ್ಟೋಕ್ಸರು ಕೇಂಬ್ರಿಜ್‌ನಲ್ಲಿ ಕೊನೆಯುಸಿರೆಳೆದರು. ಆಗಲೂ ಅವರು ಅದೇ ಪೀಠದ ಪ್ರಾಧ್ಯಾಪಕರಾಗಿಯೇ ಇದ್ದರು.

ಇನ್ನು ಎರಡು ಪದರಗಳ ಲೆಕ್ಕದ ಕಥೆ. 1893ರ ಆಗಸ್ಟಿನಲ್ಲಿ ನಾರ್ವೆಯ ಅನ್ವೇಷಕ ನ್ಯಾನ್ಸೆನ್ನರ ಫ್ರಾಮ್ ಎಂಬ ಹಡಗು ಸೈಬೀರಿಯಾದ ಉತ್ತರದ ಕಡಲಿನಲ್ಲಿ ಸಾಗುತ್ತಿತ್ತು. ಒಮ್ಮೆಲೇ ಯಾರೋ ಹಿಂದಿನಿಂದ ಹಿಡಿದೆಳೆದಂತೆ ಹಡಗಿನ ವೇಗ ಕುಸಿಯಿತು. ಯಂತ್ರ ಎಂದಿನಂತೆ ದುಡಿಯುತ್ತಿತ್ತು, ಹಡಗು ಮಾತ್ರ ತೆವಳುತ್ತಿತ್ತು. ನಾವಿಕರು ಇದನ್ನು ಸತ್ತ ನೀರು ಎಂದು ಕರೆದು ಭಯಪಡುತ್ತಿದ್ದರು. 1904ರಲ್ಲಿ ಸ್ವೀಡನ್ನಿನ ತರುಣ ವಿಜ್ಞಾನಿ ಎಕ್ಮನ್ ತೊಟ್ಟಿಯಲ್ಲಿ ಪ್ರಯೋಗ ಮಾಡಿ ಕಾರಣ ತೋರಿಸಿದರು. ಕರಗಿದ ಹಿಮದ ಸಿಹಿನೀರು ಉಪ್ಪುನೀರಿನ ಮೇಲೆ ತೆಳು ಪದರವಾಗಿ ತೇಲುತ್ತಿತ್ತು. ಹಡಗಿನ ಶಕ್ತಿಯೆಲ್ಲ ಎರಡರ ನಡುವಿನ ಗಡಿಯಲ್ಲಿ, ಕಣ್ಣಿಗೆ ಕಾಣದ ದೊಡ್ಡ ಅಲೆಗಳನ್ನು ಎಬ್ಬಿಸುವುದರಲ್ಲಿ ಕರಗಿಹೋಗುತ್ತಿತ್ತು. ಆಳವಾದ ಕಡಲಿನ ಮೇಲೆ 2 ಮೀಟರ್ ಸಿಹಿನೀರು ತೇಲುತ್ತಿದ್ದರೆ ಗಡಿಯ ಉದ್ದನೆಯ ಅಲೆಯ ವೇಗ ಸೆಕೆಂಡಿಗೆ ಸುಮಾರು 0.7 ಮೀಟರ್ ಮಾತ್ರ. ಬರಿಯ 2 ಮೀಟರ್ ಆಳದ ನೀರಿನ ಮೇಲಿನ ಉದ್ದನೆಯ ತೆರೆಯ ವೇಗದ ಆರನೆಯ ಒಂದು ಪಾಲು ಅದು. ಗಡಿಯ ಅಲೆಯ ಲೆಕ್ಕವನ್ನು ಸ್ಟೋಕ್ಸರು ಅದಕ್ಕಿಂತ ಅರ್ಧ ಶತಮಾನಕ್ಕೂ ಹಿಂದೆಯೇ ಬರೆದಿಟ್ಟಿದ್ದರು. ಮಳೆಗಾಲದಲ್ಲಿ ಹೊಳೆಯ ಕೆಂಪು ನೀರು ಅಳಿವೆಯಲ್ಲಿ ಉಪ್ಪುನೀರಿನ ಮೇಲೆ ಹರಡುವುದನ್ನು ನೋಡುವಾಗ ಈ ಮಾತು ನೆನಪಿರಲಿ.

ಆ ದಾರಿಯಲ್ಲಿ ಮುಂದೆ ಹಲವರು ನಡೆದರು. 1880ರ ದಶಕದಲ್ಲಿ ಗ್ರೀನ್‌ಹಿಲ್ ನೀರಿನ ಮೇಲಿನ ಹಿಮದ ಹಾಳೆಯನ್ನು ಬಾಗುವ ಹಲಗೆಯೆಂದು ಭಾವಿಸಿ ಅದರಡಿಯ ಅಲೆಗಳ ಲೆಕ್ಕ ಹಾಕಿದರು. ತೆಳುವಾದ ಎಣ್ಣೆಯ ಪೊರೆ ಕಿರುದೆರೆಗಳನ್ನು ಅಷ್ಟು ಬೇಗ ಅಡಗಿಸುವುದೇಕೆಂದರೆ, ಪೊರೆ ಹಿಗ್ಗಲು ಒಪ್ಪದೆ ನೀರನ್ನು ತಡೆಹಿಡಿಯುವುದರಿಂದ ಒಳಘರ್ಷಣೆ ಹೆಚ್ಚುತ್ತದೆ ಎಂದು ತಿಳಿದುಬಂತು. 1998ರಲ್ಲಿ ಅಮೆರಿಕದ ಜೋಸೆಫ್ ಕೆಲ್ಲರ್ ಧ್ರುವಸಮುದ್ರದ ಗಂಜಿಯಂಥ ಹಿಮವನ್ನು ನೀರಿನ ಮೇಲೆ ತೇಲುವ ಸ್ನಿಗ್ಧ ಪದರವೆಂದು ಬಗೆದು ಮಾದರಿ ಕಟ್ಟಿದರು. ಹಿಮ ಕರಗುತ್ತಿರುವ ಈ ದಿನಗಳಲ್ಲಿ ತೆರೆಗಳು ಅದರೊಳಗೆ ಎಷ್ಟು ದೂರ ನುಗ್ಗಬಲ್ಲವೆಂಬುದು ಬರಿಯ ಪುಸ್ತಕದ ಪ್ರಶ್ನೆಯಲ್ಲ. ಈ ಎಲ್ಲ ಮಾದರಿಗಳ ಬುಡದಲ್ಲಿ 1845 ಮತ್ತು 1847ರ ಆ ಪ್ರಬಂಧಗಳಿವೆ.

ಮಿತ್ರರೇ, ಸ್ಟೋಕ್ಸರ ಬಾಳಿನಿಂದ ನಾವು ಕಲಿಯಬೇಕಾದದ್ದೇನು? ಮಾತು ಕಡಿಮೆಯಿದ್ದರೂ ಕೆಲಸ ಹೆಚ್ಚಿರಬಹುದು. ನಮಗಿಂತ ಮೊದಲು ಇನ್ನೊಬ್ಬರು ಕಂಡುಹಿಡಿದಿದ್ದರೆ ಅವರ ಹೆಸರನ್ನು ಹೇಳುವುದರಿಂದ ನಮ್ಮ ಗೌರವ ಕುಂದುವುದಿಲ್ಲ. ಇನ್ನೊಬ್ಬರ ತಪ್ಪು ತಿದ್ದಲು ಕೊಟ್ಟ ಸಮಯ ವ್ಯರ್ಥವಲ್ಲ. ಕೇಂಬ್ರಿಜ್‌ಗೆ ಹೋಗುವ ಮೊದಲು ಅವರಿಗೆ ಲೆಕ್ಕ ಕಲಿಸಿದವನು ಹಳ್ಳಿಯ ಒಬ್ಬ ಗುಮಾಸ್ತನೆಂಬುದನ್ನೂ ಮರೆಯದಿರೋಣ. ಮುಂದಿನ ಸಲ ಕಡಲ ಬದಿಗೆ ಹೋದಾಗ ತೆರೆಯಲ್ಲಿ ಕಾಲು ನೆನೆಸಿ ಬಂದುಬಿಡಬೇಡಿ. ಒಂದು ಕ್ಷಣ ನಿಂತು ನೋಡಿ, ಒಂದು ಪ್ರಶ್ನೆಯನ್ನು ಮನೆಗೆ ತೆಗೆದುಕೊಂಡು ಬನ್ನಿ. ಹಿರಿಯರೂ ಮಗುವಿನ ಪ್ರಶ್ನೆಯನ್ನು ತಳ್ಳಿಹಾಕದೆ ಅದರೊಡನೆ ಕುಳಿತು ಯೋಚಿಸಲಿ.